ಯಾವ ಪಾರ್ಕಿಗೆ

“ಟವರಿನ ಮ್ಯಾಲ ಒಯ್ದು ಒಂದ್ ಘಳಿಗಿ ನಿಂದರಸ್ತಾರ. ಇಡೀ ಹೈದರಾಬಾದ ಕಾಣಸ್ತದ. ಆಮ್ಯಾಲ ಹಿಂಗ, ಧಪ್ ಅಂತ ಬಿಟ್ಟೇ ಬಿಡ್ತಾರ!”

ಹಲಬರ್ಗಾ ಮಾಮಾ ಕೈಯಲ್ಲಿದ್ದ ಬಿಸ್ಕೀಟನ್ನು ಎತ್ತರದಿಂದ ಚಹಾದ ಕಪ್ಪಿಗೆ ಬಿಟ್ಟ. ಗಿರಿಜಾಬಾಯಿ ಬೆಳಿಗ್ಗೆಯಷ್ಟೇ ಒಗೆದು ಹಾಕಿದ್ದ ಸೋಫಾ ಕವರಿನ ಮೇಲೆಲ್ಲ ಚಹಾ ಸಿಡಿಯಿತು. ಅವಳು ತಮ್ಮನ ಕಡೆ ಬಿಸ್ಕೀಟಿನ ತಟ್ಟೆಯನ್ನು ಇನ್ನಷ್ಟು ಸರಿಸಿದಳು. ಸೆರಗಿನ ತುದಿಯಿಂದ ಕವರನ್ನು ಒರೆಸಿದಳು.

“ಬೀಳೋದ್ರಾಗ ಏನ್ ದೊಡ್ಡಸ್ತಿಕಿ ಅದ?” ಸೋಫಾದ ಇನ್ನೊಂದು ತುದಿಯಿಂದ ಅವಳ ಅಣ್ಣ ಎಕಂಬಾ ಮಾಮಾ ಕೇಳಿದ. “ಹುಣಸಿಕಾಯಿನೂ ಬೀಳ್ತದ. ನಮ್ಮ ಥ್ರಿಲ್ ನಗರದ್ದು ನೋಡು. ಸೀಟು ಮ್ಯಾಲಿಂದ ಜೋತು ಬಿಟ್ಟಾರ. ಕಾಲಿನ ಬುಡಕ ನೆಲಾನೇ ಇಲ್ಲ. ಹಂಗೇ ತಲಿಕೆಳಗ ಮಾಡಿ ಓಡಸ್ತಾರ. ಇಂಡಿಯಾದಾಗ ಎಲ್ಲೆಲ್ಲೂ ಇಲ್ಲ ಇಂಥಾದ್ದು.”

“ಯಾರ್ ಹೇಳ್ಯಾರ?”

“ಅವರೇ ಬೋರ್ಡಿನ ಮ್ಯಾಲ ಬರದಾರ.”

“ನಮ್ಮ ರಾಯಲ್ ವೇವ್ಸ್ ಬೋರ್ಡಿನ ಮ್ಯಾಲೂ ಅದೇ ಬರದಾರ, ಅಣ್ಣಾ.”

ಇಬ್ಬರೂ ಹೈದರಾಬಾದಿನ ಆ ಮೋಜಿನ ಪಾರ್ಕುಗಳನ್ನು ಕಣ್ಣಾರೆ ಕಂಡವರಲ್ಲ. ಎಕಂಬಾ ಮಾಮಾ ಔರಾದ ತಾಲ್ಲೂಕಿನ ಎಕಂಬಾ ಊರಿಗೆ ಹೆಡ್‌ಮಾಸ್ತರನಾಗಿ ಹೋಗಿ ಅಲ್ಲೇ ಮನೆ ಕಟ್ಟಿಕೊಂಡವನು. ಹೊಟ್ಟೆ ತೊಳಸುತ್ತದೆಂದು ಪಂಚಮಿಯ ಜೋಕಾಲಿಯನ್ನೂ ಹತ್ತದವನು. ಹಲಬರ್ಗಾ ಮಾಮಾ ಭಾಲ್ಕಿ ಕಡೆಯ ಹಲಬರ್ಗಾದಲ್ಲಿ ಮನೆತನದ ಹೊಲ ನೋಡಿಕೊಂಡಿದ್ದವನು. ದವಾಖಾನೆಯಲ್ಲಿ ಲಿಫ್ಟ್ ಕಂಡರೆ ಮೆಟ್ಟಿಲು ಎಲ್ಲಿದೆ ಎಂದು ಹುಡುಕುವವನು. ಈಗ ಇಬ್ಬರೂ ತಮ್ಮ ತಮ್ಮ ಪಾರ್ಕನ್ನು ತಾವೇ ಇಟ್ಟಿಗೆ ಹೊತ್ತು ಕಟ್ಟಿದವರಂತೆ ಮಾತಾಡುತ್ತಿದ್ದರು.

ಗಿರಿಜಾಬಾಯಿಯ ಮಗಳು ಪ್ರಣಾಲಿ ಅಡುಗೆಮನೆಯ ಬಾಗಿಲಿಗೆ ಒರಗಿ ಖಾಲಿ ಕಪ್ಪುಗಳಿಗಾಗಿ ಕಾಯುತ್ತಿದ್ದಳು. ಬೇಸಿಗೆ ಶುರುವಾದಾಗಿನಿಂದ ಚಿದ್ರಿ ಬಡಾವಣೆಯ ಆ ಮನೆಯಲ್ಲಿ ಇದೇ ಮಾತು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಎದ್ದರೆ ರಾಯಲ್ ವೇವ್ಸಿನ ಟವರಿನ ವಿಡಿಯೋ, ಮಲಗುವಾಗ ಥ್ರಿಲ್ ನಗರದ ರೋಲರ್ ಕೋಸ್ಟರಿನ ವಿಡಿಯೋ. ಅಲೆ ಬರುವ ಕೊಳ ಯಾರದು ದೊಡ್ಡದು, ಊಟದ ಹಾಲಿನಲ್ಲಿ ಎಸಿ ಯಾರು ಹಾಕಿಸಿದ್ದಾರೆ, ಯಾರ ಬಾತ್‌ರೂಮು ಸ್ವಚ್ಛ. ಅದಕ್ಕೊಂದು ಹೆಬ್ಬೆರಳು, ಇದಕ್ಕೊಂದು ನಗುವ ಮುಖ.

ಬರೀ ಪಾರ್ಕಿನ ಮಾತಾಗಿದ್ದರೆ ಅವಳೂ ನಕ್ಕು ಬಿಡುತ್ತಿದ್ದಳೇನೋ. ಆದರೆ ಅವರ ಮಂದಿಯಲ್ಲಿ ಹೆಣ್ಣುಮಗಳ ಮದುವೆಯ ಮೊದಲ ಮಾತು ಮಾಮಾನ ಮನೆಯದು. ಹಲಬರ್ಗಾ ಮಾಮಾನ ಮಗ ಅಶ್ವಜಿತ ಭಾಲ್ಕಿಯಲ್ಲಿ ರಕ್ತ ತಪಾಸಣೆಯ ಲ್ಯಾಬ್ ಇಟ್ಟಿದ್ದ. ಎಕಂಬಾ ಮಾಮಾನ ಮಗ ಸಂಘಪಾಲ ಔರಾದಿನ ಬ್ಯಾಂಕೊಂದರಲ್ಲಿದ್ದ. ಬುದ್ಧ ಪೂರ್ಣಿಮೆಯ ದಿನ ವಿಹಾರದ ಅಂಗಳದಲ್ಲಿ ಹಲಬರ್ಗಾ ಮಾಮಾ ಅಕ್ಕನನ್ನು ಬದಿಗೆ ಕರೆದು, “ಎಲ್ಲಾರೂ ಕೂಡಿ ರಾಯಲ್ ವೇವ್ಸಿಗೆ ಹೋಗೋಣು, ಅಕ್ಕಾ. ಪೋರಗೋಳು ಒಂದೀಟು ಮಾತಾಡಿಕೊಳ್ಳಲಿ” ಎಂದ. ಗಿರಿಜಾಬಾಯಿ “ಆತಪಾ” ಎಂದಳು. ಅದೇ ಸಂಜೆ ಎಕಂಬಾ ಮಾಮಾ ಫೋನ್ ಮಾಡಿ ಅದೇ ಮಾತನ್ನು ಥ್ರಿಲ್ ನಗರದ ಹೆಸರಿನಲ್ಲಿ ಹೇಳಿದ. ಗಿರಿಜಾಬಾಯಿ “ಆತಣ್ಣಾ” ಎಂದಳು. ತವರಿನವರಿಗೆ ‘ಬ್ಯಾಡ’ ಎಂಬ ಮಾತು ಅವಳ ಬಾಯಿಂದ ಎಂದೂ ಹೊರಟದ್ದಿಲ್ಲ. ಇಬ್ಬರೂ ಒಂದೇ ರವಿವಾರಕ್ಕೆ ಟಿಕೆಟ್ ತೆಗೆಸಿದರು. ಈಗ ಯಾವ ಪಾರ್ಕಿಗೆ ಎಂದರೆ ಯಾವ ಮನೆಗೆ ಎಂದೇ ಲೆಕ್ಕ. ಅದನ್ನು ಬಾಯಿಬಿಟ್ಟು ಅಂದವರು ಮಾತ್ರ ಒಬ್ಬರೂ ಇಲ್ಲ.

ಇದರಲ್ಲಿ ಸಿಟ್ಟು ಬರಿಸುವ ಸಂಗತಿಯೆಂದರೆ, ರೈಡುಗಳ ವಿಷಯದಲ್ಲಿ ನಿಜವಾದ ಆಸೆಯಿದ್ದದ್ದು ಇಡೀ ಮನೆಯಲ್ಲಿ ಪ್ರಣಾಲಿಗೊಬ್ಬಳಿಗೆ. ಗುಂಪಿಗೆ ಬಂದ ವಿಡಿಯೋಗಳನ್ನೆಲ್ಲ ಅವಳು ಹಾಸಿಗೆಯಲ್ಲಿ ಮಗ್ಗುಲಾಗಿ, ಸದ್ದು ತೆಗೆದು, ತಿರುತಿರುಗಿ ನೋಡಿದ್ದಳು. ಬಿ.ಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳು. ಟವರಿನದು ಗೊತ್ತಾಗುವಷ್ಟರಲ್ಲಿ ಮುಗಿದುಹೋಗುವ ಬೀಳುವಿಕೆ. ಕೋಸ್ಟರಿನದು ಹಾಗಲ್ಲ. ಸುತ್ತಿನ ತುದಿಗೆ ಹೋದಾಗ ಮೈಯ ಭಾರ ಒಂದು ಕ್ಷಣ ಯಾರಿಗೂ ಸೇರದೆ ಹೋಗುತ್ತದೆ. ಸೀಟು ಹಿಡಿದಿರುವುದಿಲ್ಲ, ನೆಲ ಕರೆಯುವುದಿಲ್ಲ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಓದಿದ್ದನ್ನು ಒಮ್ಮೆ ಮೈಯಿಂದ ತಿಳಿಯಬೇಕೆಂದು ಅವಳಿಗೆ ಬಲು ಆಸೆ. ಆದರೆ ‘ಥ್ರಿಲ್ ನಗರ’ ಎಂದರೆ ಸಂಘಪಾಲನಿಗೆ ಹೂಂ ಅಂದಂತೆ. ಸಂಘಪಾಲ ಕೆಟ್ಟವನೇನಲ್ಲ. “ಮತ್ತ, ಹ್ಯಾಂಗ ನಡದದ?” ಎಂದು ಕೇಳಿ ಉತ್ತರಕ್ಕೆ ಮೊದಲೇ ಫೋನ್ ನೋಡತೊಡಗುವವನು, ಅಷ್ಟೇ. ಇನ್ನು ಅಶ್ವಜಿತ ಚಿಕ್ಕಂದಿನಲ್ಲಿ ಅವಳ ಜಡೆಗೆ ಆಡಿನ ಹಗ್ಗ ಕಟ್ಟಿದವನು. ಅವನನ್ನು ಗಂಡನೆಂದು ನೆನೆದರೆ ಅವಳಿಗೆ ನಗುವೇ ಬರುತ್ತಿತ್ತು.

“ಪ್ರಣಾಲಿಗರ ಕೇಳ್ರಿ ಒಮ್ಮಿ,” ಎಂದ ಅಪ್ಪ ಪಂಢರಿ, ಪೇಪರಿನ ಹಿಂದಿನಿಂದ. ಬಸ್ ಡಿಪೋದಲ್ಲಿ ಕೆಲಸ ಮಾಡುವ ಅವನು ಹೆಂಡತಿಯ ಅಣ್ಣತಮ್ಮಂದಿರು ಬಂದಾಗಲೆಲ್ಲ ಒಂದೇ ಪೇಪರನ್ನು ಎರಡೆರಡು ಸಲ ಓದುತ್ತಿದ್ದ.

“ಅಕಿಗೇನ್ ಕೇಳೋದು, ದಾಜಿ?” ಹಲಬರ್ಗಾ ಮಾಮಾ ಅಕ್ಕನ ಗಂಡನ ಕಡೆ ನೋಡಿ ನಕ್ಕ. “ಹೆದರಿಕಿ ಪೋರಿ. ಕೆಳಗ ಬ್ಯಾಗ್ ಕಾಯ್ಕೊಂಡು ಕೂಡ್ತಾಳ.”

“ಅದು ಖರೇ,” ಎಂದ ಎಕಂಬಾ ಮಾಮಾ. ಅಣ್ಣತಮ್ಮಂದಿರು ಅಷ್ಟು ಹೊತ್ತಿನಲ್ಲಿ ಒಪ್ಪಿಕೊಂಡದ್ದು ಅದೊಂದೇ ಮಾತು.

ಪ್ರಣಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಬಂದಳು. ಹಿಂದೆಯೇ ಬಂದ ಅವ್ವನಿಗೆ ಮೆಲ್ಲಗೆ ಕೇಳಿದಳು: “ಇಬ್ಬರೊಳಗ ಒಬ್ಬರಿಗರ ಬ್ಯಾಡ ಅನ್ನಬಾರದೇನವ್ವಾ?”

“ಯಾರಿಗನ್ಲಿ? ಅಂವ ದೊಡ್ಡಾಂವ, ಇಂವ ಸಣ್ಣಾಂವ.”

“ನಡುವಿನಾಂವ ಒಬ್ಬ ಇದ್ದಿದ್ದರ ಅಂತಿದ್ದೇನು?”

“ನಗಸಬ್ಯಾಡ ನನಗ. ಯಾವುದರೇ ಒಂದಕ್ಕ ನೀನೇ ಹೂಂ ಅಂದುಬಿಡು. ಸುಮ್ಮ ಪಾರ್ಕಲ್ಲೇನು?”

“ಸುಮ್ಮ ಪಾರ್ಕಾ?”

ಗಿರಿಜಾಬಾಯಿ ಕುಕ್ಕರಿನ ಮುಚ್ಚಳ ತೆಗೆದು ಆ ಹಬೆಯಲ್ಲಿ ಮುಖ ಮರೆಸಿಕೊಂಡಳು.

ರವಿವಾರ ಬೆಳಗಾಗುವ ಹೊತ್ತಿಗೆ ಎರಡೂ ಗಾಡಿ ಬಂದವು. ಎಕಂಬಾ ಮಾಮಾ ಬಾಡಿಗೆಗೆ ತಂದಿದ್ದ ಕ್ರೂಸರನ್ನು ಖಾಲಿದ ಚಾಚಾ ಓಡಿಸುತ್ತಿದ್ದ. ಹಲಬರ್ಗಾ ಮಾಮಾನದು ಸ್ವಂತ ಬೊಲೆರೋ. ಗಲ್ಲಿಗೆ ಒಂದು ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ ನುಗ್ಗಿ, ಮನೆಯ ಮುಂದೆ ಮೂತಿಗೆ ಮೂತಿ ಹಚ್ಚಿ ನಿಂತವು. ಹಿಂದೆ ಸರಿಯಲು ಇಬ್ಬರೂ ತಯಾರಿಲ್ಲ. ಎರಡರಲ್ಲೂ ನಡುವಿನ ಸಾಲಿನ ಕಿಟಕಿಯ ಪಕ್ಕದ ಸೀಟಿಗೆ ಟಾವೆಲ್ ಹಾಸಿ ಜಾಗ ಹಿಡಿದಿದ್ದರು. ಅದರ ಬಾಜೂಕ್ಕೆ ಒಂದರಲ್ಲಿ ಹೊಸ ಅಂಗಿಯ ಸಂಘಪಾಲ, ಒಂದರಲ್ಲಿ ಕರಿ ಕನ್ನಡಕದ ಅಶ್ವಜಿತ.

“ಬಾ ಬೇಟಾ, ಎಸಿ ಹಚ್ಚೇ ಇಟ್ಟೀವಿ,” ಎಂದ ಎಕಂಬಾ ಮಾಮಾ.

“ಆ ಗಾಡ್ಯಾಗ ಕುಂತರ ಹೈದರಾಬಾದ ಮುಟ್ಟೋದ್ರಾಗ ಸೊಂಟ ಹೋಗ್ತದ, ಯವ್ವಾ. ಇಲ್ಲಿ ಬಾ,” ಎಂದ ಹಲಬರ್ಗಾ ಮಾಮಾ.

“ನಿಮ್ಮ ಟವರು ಹೋದ ತಿಂಗಳು ನಡುವೇ ನಿಂತಿತ್ತಂತಲ್ಲೋ!”

“ನಿಂತಿದ್ದು ಕರೆಂಟ್ ಹೋಗಿದ್ದಕ್ಕ. ನಿಮ್ಮದ್ರಾಗ ಮಂದಿ ಚಪ್ಪಲಿ ಕಳಕೊಂಡು ಬರಿಗಾಲಲೆ ಮನಿಗೆ ಬಂದಾರ.”

ಪಕ್ಕದ ಮನೆಯ ಕೌಸಲ್ಯಾಬಾಯಿ ನಳದ ಕೆಳಗೆ ಕೊಡ ಇಟ್ಟು, ಕೊಡ ನೋಡುವುದು ಬಿಟ್ಟು ಇವರನ್ನೇ ನೋಡುತ್ತಿದ್ದಳು. ಪಂಢರಿ ಮೆಟ್ಟಿಲ ಮೇಲೆ ಕೂತು, ಆಗಲೇ ಕಟ್ಟಿಯಾಗಿದ್ದ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ. ಗಿರಿಜಾಬಾಯಿ ಮಗಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು, ಯಾವ ಗಾಡಿಯ ಕಡೆಗೆ ಎಂದು ತನಗೂ ಗೊತ್ತಿಲ್ಲದವಳ ಹಾಗೆ.

ಪ್ರಣಾಲಿ ಬಸ್ಸಿನಲ್ಲಿ ಕಂಡಕ್ಟರನನ್ನು ಕೂಗಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವ ಹುಡುಗಿ. ಇಡೀ ಗಲ್ಲಿ ನೋಡುತ್ತಿರುವಾಗ ಅವಳು ಎರಡೂ ಗಾಡಿಯ ಮೂತಿ ಕೂಡಿದಲ್ಲಿಗೆ ಬಂದು ನಿಂತಳು. ಎಷ್ಟು ದಿನದಿಂದ ಹಲ್ಲು ಕಚ್ಚಿ ಇಟ್ಟುಕೊಂಡಿದ್ದಳೋ, ಮಾತು ತಾನಾಗಿ ಬಂತು.

“ಪಾರ್ಕಿಗಂದ್ರ ಎರಡಕ್ಕೂ ಬರ್ತೇನ್ರಿ, ಮಾಮಾ. ಈ ರವಿವಾರ ಒಂದು, ಬರೋ ರವಿವಾರ ಒಂದು. ಮದುವಿಗಂದ್ರ ಎರಡೂ ಮನಿ ಒಲ್ಲೆರಿ.”

ಕೊಡ ತುಂಬಿ ನೀರು ಗಲ್ಲಿಗೆ ಹರಿಯಿತು. ಕೌಸಲ್ಯಾಬಾಯಿ ನಳ ಬಂದ್ ಮಾಡಲಿಲ್ಲ.

“ಮದುವಿ?” ಹಲಬರ್ಗಾ ಮಾಮಾ ಅತ್ತಿತ್ತ ನೋಡಿದ. “ಮದುವಿ ಮಾತು ಯಾರ್ ತೆಗದಾರ ಇಲ್ಲಿ? ನಾವು ರೈಡಿಂದು ಮಾತಾಡ್ಲಾಕತ್ತೀವಿ.”

“ರೈಡಿಂದೇ,” ಎಂದ ಎಕಂಬಾ ಮಾಮಾ, ಸಾಲೆಯಲ್ಲಿ ಗದ್ದಲ ಮಾಡಿದ ಹುಡುಗರನ್ನು ನೋಡುವ ಮುಖದಲ್ಲಿ. “ಏನೇನೋ ತಲ್ಯಾಗ ತುಂಬಿಕೊಂಡಾಳ ಇಕಿ.”

“ಹಂಗಾದರ ಚೊಲೋ ಆತ್ರಿ,” ಎಂದಳು ಪ್ರಣಾಲಿ. ಶುರುವಾದ ಮಾತನ್ನು ಇನ್ನು ನಿಲ್ಲಿಸಲು ಆಗಲಿಲ್ಲ. “ರೈಡಿಂದೇ ಆದರ ನನಗ ಥ್ರಿಲ್ ನಗರದ್ದು ಸೇರ್ತದ. ಮುಂದ ಖಾಲಿದ ಚಾಚಾನ ಬಾಜೂಕ ಕೂಡ್ತೇನಿ. ನಡೀರಿ.”

ಎಕಂಬಾ ಮಾಮಾನ ಮುಖ ಒಮ್ಮೆ ಅರಳಿತು. ಅವನು ತಮ್ಮನ ಕಡೆ ನೋಡಿದ. ಆಮೇಲೆ ಅವಳು ಮೊದಲು ಅಂದ ಮಾತು, ಅದನ್ನು ಕೇಳಿಸಿಕೊಂಡ ಗಲ್ಲಿ, ಎಲ್ಲವೂ ನೆನಪಾದವೇನೋ, ಗದ್ದವನ್ನು ಉಜ್ಜಿಕೊಂಡ.

“ಜಗಾ ಇಲ್ಲ, ಯವ್ವಾ,” ಎಂದ.

ಅವನ ಹಿಂದೆ ಕಿಟಕಿಯಲ್ಲಿ ಟಾವೆಲ್ ಹಾಸಿದ ಸೀಟು ಎಲ್ಲರಿಗೂ ಕಾಣುತ್ತಿತ್ತು. ಸಂಘಪಾಲ ಆ ಟಾವೆಲನ್ನು ಮಡಚಲೋ ಬೇಡವೋ ಎಂಬಂತೆ ಅದರ ಅಂಚು ಹಿಡಿದು ಕೂತಿದ್ದ.

“ಮುಂದ ಜಗಾ ಅದಲ್ರಿ ಸಾಬ್,” ಎಂದ ಖಾಲಿದ ಚಾಚಾ, ಒಳ್ಳೆಯ ಮನಸ್ಸಿನಿಂದಲೇ.

“ಇಲ್ಲ ಅಂದ್ನಲ್ಲ! ಗಾಡಿ ತಿರಗಸು. ಔರಾದಕ್ಕ ನಡಿ.”

“ಅಣ್ಣಾ, ಚಹಾನರ ಕುಡದು...” ಎಂದು ಗಿರಿಜಾಬಾಯಿ ಎರಡು ಹೆಜ್ಜೆ ಓಡಿದಳು. ಕ್ರೂಸರ್ ಹಿಮ್ಮೆಟ್ಟುತ್ತ ಗಲ್ಲಿಯ ತುದಿಯವರೆಗೆ ಹೋಗಿ ಮಾಯವಾಯಿತು.

ಹಲಬರ್ಗಾ ಮಾಮಾ ಗೆದ್ದವನ ಉತ್ಸಾಹದಲ್ಲಿ ಬೊಲೆರೋದ ಬಾಗಿಲನ್ನು ಪೂರ್ತಿ ತೆಗೆದ. “ಹೋಗ್ಲಿ ಬಿಡು. ನಮ್ಮದ್ರಾಗ ರಗಡ ಜಗಾ ಅದ. ಬಾ, ಕೂಡು.”

“ಮಾಮಾ,” ಎಂದಳು ಪ್ರಣಾಲಿ, ಹಣೆಗೆ ಕೈ ಹಚ್ಚಿ, “ನಿಮಗೂ ಅದೇ ಮಾತು ಹೇಳೀನ್ರಿ.”

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗಿನಿಂದ ಅಶ್ವಜಿತ ಫಕ್ಕನೆ ನಕ್ಕುಬಿಟ್ಟ.

“ನಗ್ತಿ? ನಿನಗೂ ನಾಚಿಕಿ ಇಲ್ಲ!”

“ನನಗರ ಯಾರ್ ಕೇಳಿದ್ರಪ್ಪಾ?” ಎಂದ ಅಶ್ವಜಿತ. ಬೊಲೆರೋದ ಬಾಗಿಲು ಮನೆಯ ಕಿಟಕಿಗಳು ಅದುರುವಂತೆ ಹಾಕಿಕೊಂಡಿತು. ಅದೂ ಬಂದ ದಾರಿಯಲ್ಲೇ ಹಿಮ್ಮೆಟ್ಟಿ ಹೋಯಿತು.

ಆ ವಾರವೆಲ್ಲ ಗಿರಿಜಾಬಾಯಿ ಮಗಳೊಂದಿಗೆ ಮಾತಾಡಲಿಲ್ಲ. “ಉಪ್ಪು ತೀರ್ಯಾದ,” ಎಂದು ಮಿಕ್ಸರಿಗೆ ಹೇಳುವಳು. “ಊಟ ಆಗ್ಯಾದ, ಉಣ್ಣೋರು ಉಣಬೇಕು,” ಎಂದು ಗೋಡೆಗೆ ಹೇಳುವಳು. ಫೋನ್ ಮಾತ್ರ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಪೋರಿಗೆ ಇದನ್ನೆಲ್ಲ ಹೇಳಿಕೊಟ್ಟದ್ದು ತಮ್ಮನೇ ಎಂದು ಅಣ್ಣ, ಅಣ್ಣನೇ ಎಂದು ತಮ್ಮ. ಅವಳು ಅಡುಗೆಮನೆಯಲ್ಲಿ ನಿಂತು ಇಬ್ಬರಿಗೂ “ಹೌದಪಾ,” “ಹೌದಣ್ಣಾ,” ಎನ್ನುತ್ತಿದ್ದಳು. ಅದನ್ನು ಕೇಳಿ ಪ್ರಣಾಲಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಶುಕ್ರವಾರ ಫೋನ್ ಇಟ್ಟ ಮೇಲೆ ಗಿರಿಜಾಬಾಯಿ ಬಹಳ ಹೊತ್ತು ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿ ಹೋಯಿತು. ಅದನ್ನೂ ಅವಳು ನೋಡಲಿಲ್ಲ.

ಮುಂದಿನ ರವಿವಾರ ಪ್ರಣಾಲಿ ಬೇಗ ಎದ್ದು ಸ್ನಾನ ಮಾಡಿ, ಹತ್ತಿಯ ಚೂಡಿದಾರ ಹಾಕಿಕೊಂಡು ಹೊರಗೆ ಬಂದಳು.

“ಎಂಟಕ್ಕ ಹೈದರಾಬಾದ ನಾನ್‌ಸ್ಟಾಪ್ ಅದ,” ಎಂದ ಪಂಢರಿ ಪೇಪರಿನ ಹಿಂದಿನಿಂದ. ಅವನಿಗೆ ಯಾರೂ ಕೇಳಿರಲಿಲ್ಲ. “ಬಲಗಡಿ ಕೂಡು. ಬಿಸಲು ಬರಂಗಿಲ್ಲ.”

ಗಿರಿಜಾಬಾಯಿ ಅಂಗಳ ಗುಡಿಸುವುದನ್ನು ನಿಲ್ಲಿಸಿದಳು. “ಎಲ್ಲಿಗೆ?”

ಒಂದು ವಾರದಲ್ಲಿ ಅವಳು ಮಗಳ ಮುಖ ನೋಡಿ ಆಡಿದ ಮೊದಲ ಮಾತು.

“ಪಾರ್ಕಿಗವ್ವಾ.”

“ಒಬ್ಬಾಕೀನೇ?”

“ಹೂಂ.”

“ಯಾವ ಪಾರ್ಕಿಗೆ?”

ಪ್ರಣಾಲಿ ಅವ್ವನ ಮುಖವನ್ನು ದಿಟ್ಟಿಸಿದಳು. ಆ ಪ್ರಶ್ನೆಯ ಒಳಗೆ ಇನ್ನೇನಾದರೂ ಇದೆಯೋ ಎಂದು ಹುಡುಕಿದಳು. ಬೆವರಿದ ಹಣೆ, ಕೈಯಲ್ಲಿ ಕಸಬರಿಗೆ, ನಿದ್ದೆಗೆಟ್ಟ ಕಣ್ಣು.

“ಥ್ರಿಲ್ ನಗರಕ್ಕ.”

“ಆ ಕಾಲ ಬುಡಕ ನೆಲಾ ಇಲ್ಲದ್ದಾ?”

“ಹೂಂ.”

“ಖಬರ ಇಲ್ಲದ ಪೋರಿ,” ಎಂದು ಗೊಣಗುತ್ತ ಗಿರಿಜಾಬಾಯಿ ಕಸಬರಿಗೆಯನ್ನು ಮೂಲೆಗೆ ಎಸೆದಳು. “ಇಷ್ಟು ಬಿಸಲಾಗ ಒಬ್ಬಾಕಿನ ಕಳಸಿ ಮನ್ಯಾಗ ಕುಂತು ನಾ ಏನ್ ಮಾಡ್ಲಿ? ನಿಂದ್ರು, ಸೀರಿ ಬದಲಿ ಮಾಡ್ತೇನಿ.”

ಬಸ್ಸು ಜಹೀರಾಬಾದ ದಾಟಿತು. ಗಿರಿಜಾಬಾಯಿ ಗಾಳಿಗೆ ಕಿವಿ ಮುಚ್ಚುವಂತೆ ಸೆರಗು ಸುತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೆದ್ದಾರಿಯ ಬದಿಯ ಪಾರ್ಕುಗಳ ದೊಡ್ಡ ದೊಡ್ಡ ಬೋರ್ಡುಗಳಲ್ಲಿ ಬಾಯಿ ತೆರೆದು ಚೀರುವ ಮಂದಿ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಿದ್ದರು. ಅಷ್ಟರಲ್ಲಿ ಅವಳ ಮಡಿಲಿನಲ್ಲಿದ್ದ ಫೋನ್ ನಡುಗತೊಡಗಿತು. ಪರದೆಯ ಮೇಲೆ ‘ಎಕಂಬಾ ಅಣ್ಣ’ ಎಂದಿತ್ತು. ಅವಳು ಅದನ್ನು ನೋಡಿದಳು. ಪ್ರಣಾಲಿಯೂ ನೋಡಿದಳು. ಗಿರಿಜಾಬಾಯಿ ಸೆರಗಿನ ಮಿಕ್ಕ ತುದಿಯನ್ನು ತಂದು ಅದರ ಮೇಲೆ ಹೊದಿಸಿ, ಮತ್ತೆ ಕಿಟಕಿಯ ಕಡೆ ತಿರುಗಿದಳು. ತೆಳ್ಳನೆಯ ಬಟ್ಟೆಯ ಅಡಿಯಲ್ಲಿ ಬೆಳಕು ಬಹಳ ಹೊತ್ತು ಉರಿಯುತ್ತಲೇ ಇದ್ದು, ಆಮೇಲೆ ಆರಿತು.