ಎಲ್ಲಿ ಹಿಡಿಯುತ್ತೆ ಹೇಳಿ

ಆ ದರ್ಜಿಯ ಬಾಯಲ್ಲಿ ಸದಾ ಎರಡೇ ಮಾತು. ಹೊಸ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಂತವರಿಗೆ, "ಎಲ್ಲಿ ಹಿಡಿಯುತ್ತೆ ಹೇಳಿ". ತನ್ನನ್ನು ಯಾರಾದರೂ ಏನಾಯಿತೆಂದು ಕೇಳಿದರೆ, "ಏನಿಲ್ಲ". ಯಂತ್ರದ ಸೂಜಿ ಉಗುರನ್ನು ತೂರಿದಾಗಲೂ ಏನಿಲ್ಲವೆನ್ನುತ್ತಲೇ, ರಕ್ತ ತಾಗದಂತೆ ಗಿರಾಕಿಯ ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದವಳು ಅವಳು. ಕೊರಳಲ್ಲಿ ಅಳತೆಪಟ್ಟಿ ಜೋತುಬಿಟ್ಟು, ಎಡ ಹೆಗಲನ್ನು ತುಸು ಇಳಿಸಿ, ಸದ್ದಿಲ್ಲದೆ ನಡೆಯುತ್ತಿದ್ದಳು. ಮದುವೆಯಾದ ಎಂಟು ತಿಂಗಳಲ್ಲಿ ಆ ನಡಿಗೆಗೊಂದು ದಣಿವು ಸೇರಿಕೊಂಡಿತ್ತು.

ಗಂಡ ಬಸ್ ಕಂಡಕ್ಟರ್, ಒಳ್ಳೆಯವನು. ಇಬ್ಬರಿಗೂ ಮಗುವಿನಾಸೆ. ಅತ್ತೆ ವಾರವಾರವೂ ಫೋನಿನಲ್ಲಿ, "ಏನಮ್ಮಾ, ಏನಾದ್ರೂ ವಿಶೇಷ ಇದೆಯಾ? ನಿನ್ನ ಓರಗಿತ್ತಿಗೆ ಎರಡನೇ ತಿಂಗಳಿಗೇ ನಿಂತಿತ್ತು" ಎನ್ನುವರು. ಗರ್ಭ ನಿಲ್ಲಬಹುದಾದ ದಿನಗಳಿಗೆ ಅವಳು ಕ್ಯಾಲೆಂಡರಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆಯುವಳು. ಆ ದಿನಗಳು ಹತ್ತಿರವಾದಂತೆ ಮೈ ಮರಗಟ್ಟುವುದು. ಕೂಡುವಾಗ ಸೀಳಿದಂಥ ನೋವು. ಹೊಸತರಲ್ಲಿ ಎಲ್ಲರಿಗೂ ಹೀಗೇ ಇರಬೇಕು, ಮಗುವಿಗಾಗಿ ಇಷ್ಟೂ ತಡೆಯದಿದ್ದರೆ ಹೇಗೆ ಎಂದು ಹಲ್ಲು ಕಚ್ಚುವಳು. "ನೋಯ್ತಿದೆಯಾ?" ಎಂದು ಅವನು ಕೇಳಿದರೆ "ಏನಿಲ್ಲ". ಅವನು ನಂಬಿದ. ಬರಬರುತ್ತಾ ಆ ದಿನಗಳಲ್ಲಿ ಹೊಲಿಗೆ ಬಾಕಿಯೆಂದು ಅಂಗಡಿಯಲ್ಲೇ ಉಳಿಯತೊಡಗಿದಳು. ತಾನು ಬೇಡವಾದೆನೆಂದುಕೊಂಡು ಅವನೂ ಮಾತು ಕಡಿಮೆ ಮಾಡಿದ.

ಹೆಂಗಸರ ಡಾಕ್ಟರೊಬ್ಬರು ಅವಳ ಗಿರಾಕಿ. ಹೊಸ ಬಿಳಿ ಕೋಟು ತೊಟ್ಟು ನೋಡಿದಾಗ ಕಂಕುಳಲ್ಲಿ ಬಿಗಿ. "ಇರಲಿ ಬಿಡು, ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಎಂದರು.

"ಬಿಗಿ ಇದ್ದದ್ದನ್ನ ಎಳೆದ್ರೆ ಸರಿಹೋಗಲ್ಲ ಡಾಕ್ಟ್ರೇ, ಹರಿಯುತ್ತೆ" ಎಂದವಳು, ತನ್ನ ಮಾತು ತನಗೇ ಕೇಳಿಸಿದಂತಾಗಿ ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದಳು. "ನಂಗೆ ನೋಯುತ್ತೆ" ಎಂದು ಅಂದೇ ಮೊದಲ ಬಾರಿಗೆ ಹೇಳಿದ್ದು.

ಮರುದಿನ ಪರೀಕ್ಷಿಸಿದ ಡಾಕ್ಟರು, "ಹೆದರಿ ಹೆದರಿ ಒಳಗಿನ ಸ್ನಾಯು ಬಿಗಿ ಹಿಡಿದಿದೆ. ನಿನ್ನ ತಪ್ಪಲ್ಲ, ವಾಸಿಯಾಗುತ್ತೆ. ಮೊದಲು ನೋವು ಹೋಗಲಿ, ಮಗು ಆಮೇಲೆ" ಎಂದು ಸ್ನಾಯು ಸಡಿಲಿಸುವ ವ್ಯಾಯಾಮ ಕಲಿಸಿ, ಕ್ಯಾಲೆಂಡರ್ ತೆಗೆದಿಡಲು ಹೇಳಿದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದ, ಆ ರಾತ್ರಿ ಎಲ್ಲ ಕೇಳಿದ ಗಂಡ, ಮುಖ ಸಣ್ಣ ಮಾಡಿಕೊಂಡು.

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ಆಮೇಲೆ ಮಗು ಎಲ್ಲಿಂದ ಬರ್ಬೇಕು?"

"ಒಂದು ಸಲ ಗಂಟೆ ಹೊಡೆದ್ರೆ ಅಷ್ಟು ದೊಡ್ಡ ಬಸ್ಸೇ ನಿಲ್ಲುತ್ತೆ ಕಣೇ, ನಾನು ನಿಲ್ಲಬಾರ್ದಾ?"

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಮುಂದಿನ ತಿಂಗಳುಗಳಲ್ಲಿ ಅವಳು "ತಡೀರಿ" ಎಂದಾಗಲೆಲ್ಲ ಅವನು ನಿಂತ. ಎಷ್ಟೋ ದಿನ ಕೈ ಹಿಡಿದು ಮಲಗಿದ್ದಷ್ಟೇ ಆಯಿತು. ವ್ಯಾಯಾಮ ಶುರುವಾದ ಐದನೆಯ ತಿಂಗಳ ಒಂದು ರಜೆಯ ಮಧ್ಯಾಹ್ನ ಅವಳು ತಡೀರಿ ಎನ್ನಲಿಲ್ಲ. ನೋಯ್ತಾ ಎಂದು ಆಮೇಲೆ ಅವನು ಕೇಳಿದ, "ಏನಿಲ್ಲ" ಎಂದಳು. ಅವನು ಎದ್ದು ಕೂತು, "ನಿಜ ಹೇಳು" ಎಂದ. ನಿಜವನ್ನೇ ಹೇಳಿದ್ದೆಂದು ನಂಬಿಸಲು ಅವಳಿಗೆ ಸಾಕುಸಾಕಾಯಿತು.

ಮಗು ಇನ್ನೂ ಆಗಿಲ್ಲ. ಅತ್ತೆಯ ಫೋನು ತಪ್ಪಿಲ್ಲ. ಪರರ ಮೈಗೆ ಒಂದು ಎಳೆಯೂ ಒತ್ತಬಾರದೆಂದು ಹೊಲಿಗೆ ಬಿಚ್ಚುವ ಇಂಥವರು ತಮ್ಮ ಮೈಯ ಮೊರೆಗೆ ಮಾತ್ರ ಕಿವುಡಾಗಿರುತ್ತಾರೆ. ನಾವು ಅದನ್ನೇ ತಾಳ್ಮೆಯೆಂದು ಹೊಗಳುತ್ತೇವೆ. ಕೂಗಲೆಂದೇ ದೇವರು ನೋವಿಗೆ ಕೊಟ್ಟ ದನಿಯನ್ನು ಬಳಸಲು ಕಲಿಯುವಷ್ಟರಲ್ಲಿ, ಪಾಪ, ಅವರು ಎಷ್ಟೊಂದು ದಣಿದಿರುತ್ತಾರೆ.