ಸದ್ದು ಕೇಳಿದ ಕೂಡಲೇ

ಕುಂಯ್ ಅಂತ, ಎಲ್ಲೋ ದೂರದಲ್ಲಿ ಸೊಳ್ಳೆ ಹಾರಿದ ಹಾಗೆ, ಬಲಗಿವಿಯ ಹೆಡ್‌ಫೋನಿನಲ್ಲಿ, ಬಂತು, ಹೋಯಿತು — ಕೇಳಿಸಿತು, ಒತ್ತಲಿಲ್ಲ, ಹೆಬ್ಬೆರಳು ಗುಂಡಿಯ ಮೇಲೇ ಬೆವರುತ್ತಿದೆ. ಗಾಜಿನಾಚೆ ಕಿವಿ ಪರೀಕ್ಷೆಯ ಶ್ಯಾಮಲ ಮೇಡಂ ತಲೆಯೆತ್ತಿ ನೋಡಿ ಹಾಳೆಯಲ್ಲಿ ಏನೋ ಗುರುತು ಹಾಕಿದರು, ನೋಡಮ್ಮ ಧನುಶ್ರೀ, ಸದ್ದು ಕೇಳಿದ ಕೂಡಲೇ ಒತ್ತಬೇಕು, ಎಷ್ಟೇ ಸಣ್ಣದಿರಲಿ, ಅಂತ ಎರಡೆರಡು ಸಲ ಹೇಳಿಯೇ ಅವರು ಈ ಪೆಟ್ಟಿಗೆಯಂಥ ಕೋಣೆಯ ಬಾಗಿಲು ಹಾಕಿದ್ದು, ಹಾಕಿದ ಮೇಲೆ ಬಂಗಾರಪೇಟೆಯೇ ಇಲ್ಲ, ಆಟೋ ಇಲ್ಲ, ರೈಲಿಲ್ಲ, ನನ್ನೆದೆ ಹೊಡೆದುಕೊಳ್ಳುವುದೊಂದೇ. ಸುಳ್ಳು ಹೇಳೋಕೆ ಬಾಯಿ ಕೂಡ ಬೇಕಿಲ್ಲ, ಸುಮ್ಮನೆ ಕೂತರೆ ಸಾಕು, ಅದಕ್ಕೇ ಹೆದರಿಕೆ. ಮಾರಿಕುಪ್ಪಂನಲ್ಲಿ ರೈಲು ಹತ್ತುವಾಗಲೇ ತೀರ್ಮಾನವಾಗಿತ್ತು, ಕಿವಿ ಸರಿಯಿಲ್ಲ ಅಂತ ಇವರು ಬರೆದುಕೊಟ್ಟರೆ ಕೆಲಸಕ್ಕೆ ಕರೆದ ಕಾರ್ಖಾನೆಯವರೇ ಬೇಡ ಅಂತಾರೆ, ನಾನು ಬೇಡ ಅನ್ನಬೇಕಾಗಿಲ್ಲ, ಸೋಮವಾರ ತಮಟೆ ಹೆಗಲಿಗೆ ಹಾಕಿಕೊಂಡು ನಾಟಕದ ತಂಡದ ಜೊತೆ ಹೊರಡೋದು, ಆರು ತಿಂಗಳು, ಊರೂರು. ಆಮೇಲೆ? ಆಮೇಲಿನದು ಯಾರಿಗೆ ಗೊತ್ತು, ಆರುಮುಗಂ ಮಾಮನಿಗೂ ಗೊತ್ತಿಲ್ಲ, ಊರಿಗಾಂ ಗಣಿ ಲೈನಿನ ಮನೆ ಬಾಗಿಲಲ್ಲಿ ನಿಂತು ಒಂಬತ್ತು ವರ್ಷ ನನಗೆ ತಮಟೆ ಬಡಿಯೋದು ಕಲಿಸಿದವರು, ನಿನ್ನೆ ತಮಟೆ ಬೆಂಕಿಗೆ ಹಿಡಿದು ಕಾಯಿಸ್ತಾ, ನೀನು ಬರ್ದಿದ್ರೆ ತಂಡದೋರು ಬೇರೆ ಹುಡುಗೀನ ನೋಡ್ಕೋತಾರೆ ಮ್ಮಾ, ತಪ್ಪೇನಿಲ್ಲ, ಅಂದರು, ಅವರು ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಕುಂಯ್. ಒತ್ತಲಿಲ್ಲ. ಆಚೆ ಬೆಂಚಿನ ಮೇಲೆ ಅಮ್ಮ ಕೂತಿದ್ದಾಳೆ, ನನ್ನ ಐಟಿಐ ಮಾರ್ಕ್ಸ್ ಕಾರ್ಡು ಮಡಿಲಲ್ಲಿಟ್ಟುಕೊಂಡು, ಇಟ್ಟಿಗೆ ಹೊತ್ತೂ ಹೊತ್ತೂ ಅವಳ ಕುತ್ತಿಗೆ ತಿರುಗೋದೇ ಇಲ್ಲ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸ್ತಾಳೆ, ರೈಲಲ್ಲೂ ಹಾಗೇ ಮೈಯೆಲ್ಲ ನನ್ನ ಕಡೆ ತಿರುಗಿಸಿ, ತಮಟೆ ಬಿಟ್ಬುಡು ಅಂದ್ನಾ ನಾನು, ಬಾನುವಾರ ಬಡ್ಕೋ, ಯಾರ್ ಬ್ಯಾಡಂದೋರು, ನನ್ನಂಗೆ ಇಟ್ಗೆ ಒರೋದ್ ಬ್ಯಾಡ ಕಣೇ, ಅಷ್ಟೇಯ, ಅಂದಳು. ಭಾನುವಾರದ ತಮಟೆ, ಆರು ದಿನ ಗೂಟಕ್ಕೆ ತೂಗಿಹಾಕಿದ ತಮಟೆ, ತೇವಕ್ಕೆ ಚರ್ಮ ಸಡಿಲಾಗಿ ಧಬ್ ಧಬ್ ಅನ್ನುತ್ತೆ, ಹಾಗೆ ಅಂತ ಅವಳಿಗೆ ಹೇಗೆ ಹೇಳಲಿ, ಆದರೆ ನಾಳೆ ಅವಳು ಅದೇ ಕುತ್ತಿಗೆಯಲ್ಲಿ ಇಟ್ಟಿಗೆ ಗೂಡಿಗೆ ಹೋಗಿ ಸಿಂಬೆ ತಲೆ ಮೇಲಿಡ್ತಾಳಲ್ಲ, ನಾನು ಊರೂರಲ್ಲಿ ಕುಣಿದು ಬಡಿಯುವಾಗ ಅವಳು — ಕುಂಯ್. ಬೆರಳು ತಾನಾಗಿ ಒತ್ತಿಬಿಟ್ಟಿತು. ಮತ್ತೆ ಬಂತು, ಒತ್ತಿದೆ. ಇನ್ನೂ ಸಣ್ಣದು, ಒತ್ತಿದೆ. ಆಗಲಿ, ಕೆಲಸಕ್ಕೆ ಸೇರ್ತೀನಿ, ಭಾನುವಾರ ಬಡೀತೀನಿ, ಚರ್ಮ ಸಡಿಲಾದರೆ ಮತ್ತೆ ಕಾಯಿಸ್ತೀನಿ, ಮೊದಲು ಬಿಟ್ಟ ಎರಡನ್ನು ಮಾತ್ರ ಇನ್ನೊಂದು ಸಲ ಕೇಳಿಸಿ ಮೇಡಂ, ದೇವರೇ, ಕೇಳಿಸಿದರು, ಒತ್ತಿದೆ, ಮೊದಲು ಗಾಬರಿಯಾಗಿತ್ತೇನೋ, ಬಲಗಿವಿ ಚೆನ್ನಾಗಿದೆ, ಈಗ ಎಡಗಿವಿ, ಅಂದರು ಮೇಡಂ.

ಕಾಯ್ತಿದೀನಿ. ಉಸಿರೂ ಬಿಡದೆ. ಮೇಡಂ ಇನ್ನೂ ಶುರುಮಾಡಿಲ್ಲ ಅಂದುಕೊಂಡೆ, ಮಾಡಿದ್ದಾರೆ, ಅವರ ತೋರುಬೆರಳು ಯಂತ್ರದ ಮೇಲೆ ಇಳಿಯಿತು, ಏರಿತು, ಏನೂ ಇಲ್ಲ. ಮತ್ತೆ ಇಳಿಯಿತು. ಇಲ್ಲ. ಹೆಡ್‌ಫೋನಿನ ತಂತಿ ಕಿತ್ತಿರಬೇಕು, ತಂತಿಯೇ ಇರಬೇಕು — ಎಷ್ಟ್ ಕೂಗೋದೇ ನಿನ್ನ ಅಂತ ಅಮ್ಮ ಬೈಯೋದು, ಫೋನು ಯಾವಾಗ ಈ ಕಡೆಗೆ ಬದಲಾಯ್ತು, ಬಲಗಡೆಗೆ, ಯಾವ ತಿಂಗಳು, ತಮಟೆ ಇರೋದು ಎಡಗಡೆ, ಒಂಬತ್ತು ವರ್ಷ, ಈ ಕಿವಿಯ ಕೆಳಗೇ. ಬೆರಳು ನೋಡಿ ಒತ್ತಿಬಿಡಲೆ, ಬೆರಳು ಇಳಿದಾಗ ಒತ್ತಿದರೆ ಆಯಿತು, ಯಾರಿಗೆ ಗೊತ್ತಾಗುತ್ತೆ, ಕೈ ಬರ್ತಿಲ್ಲ, ಕೇಳಿಸಲಿ, ಸೊಳ್ಳೆಯಷ್ಟಾದರೂ. ಮೇಡಂ ನನ್ನ ಮುಖ ನೋಡಿ ಸದ್ದಿನ ತಿರುಗಣೆಯನ್ನು ಇನ್ನಷ್ಟು ಮೇಲೆ ತಿರುಗಿಸಿದರು, ಬೆರಳು ಇಳಿಯಿತು, ಏರಿತು, ಇನ್ನಷ್ಟು ತಿರುಗಿಸಿದರು, ಬೆರಳು ಇಳಿಯಿತು, ಅಲ್ಲೇ ಒತ್ತಿಹಿಡಿದರು, ಬಿಡಲೇ ಇಲ್ಲ, ಬೆರಳು —