ಬೀಗರ ತಲೆಗೆ ರುಮಾಲು

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಊರವರಿಗೆ ಅವರು ಪೇಶ್ಕಾರ ಸಾಹೇಬರು, ನನಗೆ ಬರೀ ಇವರು. ಲಿಂಗಸುಗೂರಿನ ತಹಶೀಲ ಕಚೇರಿಯಲ್ಲಿ ನಿಜಾಮರ ಕಾಲದಿಂದ ಕಾಗದಪತ್ರ ನೋಡುತ್ತ ಬಂದ ಇವರಿಗೆ, ಮೈಮೇಲೆ ಶೇರ್ವಾನಿ, ತಲೆಯ ಮೇಲೆ ಕೆಂಪು ರೂಮಿ ಟೋಪಿ ಇಲ್ಲದಿದ್ದರೆ ಅಂಗಳದ ತನಕ ಬರಲೂ ನಾಚಿಕೆ. ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ ಊರಿನ ರೂಮಿ ಟೋಪಿಗಳೆಲ್ಲ ರಾತ್ರೋರಾತ್ರಿ ಪೆಟ್ಟಿಗೆ ಸೇರಿದವು. ಇವರದೂ ಸೇರಿತು. ಶೇರ್ವಾನಿಯನ್ನು ಮಾತ್ರ ಇವರು ಬಿಡಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ಗೋಳು. ಎಲ್ಲಿಗೆ ಯಾವುದನ್ನು ಹಾಕಿಕೊಳ್ಳಬೇಕು? ಕಚೇರಿಗೆ ಶೇರ್ವಾನಿ ನಡೆಯುತ್ತಿತ್ತು. ಸಿಂಧನೂರಿನ ನನ್ನ ತವರಿಗೆ ಅದನ್ನೇ ತೊಟ್ಟು ಹೊರಟರೆ ಬಸ್ಸಿನಲ್ಲಿ ಜನ ಸರಿದು ಕೂರುತ್ತಿದ್ದರು, ಗೌರವಕ್ಕೋ ಸಿಟ್ಟಿಗೋ ತಿಳಿಯುತ್ತಿರಲಿಲ್ಲ. ಧೋತರ ಉಟ್ಟರೆ ಇವರಿಗೆ ಕಾಲಿಗೆ ಗಾಳಿ ಬಡಿದು ಜೀವ ಮುದುಡುತ್ತಿತ್ತು.

"ಇವತ್ತ ಯಾವ್ದು ಹಾಕ್ಕೊಳ್ಳಲಿ?" ಎಂದು ಬೆಳಗಾದರೆ ಕೇಳುವರು.

"ಮಠಕ್ಕ ಹೊಂಟೀರೋ ಮೊಹರಮ್ಮಿಗೆ ಹೊಂಟೀರೋ, ಅದನ್ನ ಮೊದ್ಲು ಹೇಳ್ರಿ," ಎಂದು ನಾನು ರೇಗುತ್ತಿದ್ದೆ. ರೇಗುತ್ತಲೇ ಶೇರ್ವಾನಿಯ ಕತ್ತಿನ ಗುಂಡಿ ಹಾಕಿಕೊಡುತ್ತಿದ್ದೆ. ಯಾರ ಮುಂದೂ ಹೇಳಿಲ್ಲ, ಈಗ ಹೇಳಿದರೇನಂತೆ: ಶೇರ್ವಾನಿಯಲ್ಲಿ ಇವರು ಬಲು ಚೆಂದ ಕಾಣುತ್ತಿದ್ದರು.

ನಮ್ಮ ಮಗಳು ಪಂಪಮ್ಮನಿಗೆ ಮಸ್ಕಿಯಲ್ಲಿ ಸಂಬಂಧ ಕೂಡಿಬಂದದ್ದು ಐವತ್ತೆರಡರಲ್ಲಿ. ಹುಡುಗ ಒಳ್ಳೆಯವನು. ಅವನನ್ನು ನೋಡಿದ ದಿನದಿಂದ ಪಂಪಿ ರೊಟ್ಟಿ ಬಡಿಯುತ್ತ ತಾನೇ ನಗುತ್ತಿದ್ದಳು, ರೊಟ್ಟಿ ಸೀದರೂ ಗೊತ್ತಾಗುತ್ತಿರಲಿಲ್ಲ. ಹುಡುಗನ ತಂದೆ ಶಿವಶರಣಪ್ಪನವರು ಹೊಲಮನೆ ಇದ್ದವರು, ಹೆಂಡತಿಯನ್ನು ಕಳಕೊಂಡವರು. ನಿಜಾಮರ ವಿರುದ್ಧದ ಹೋರಾಟದಲ್ಲಿ ಊರುಬಿಟ್ಟು ಶಿಬಿರ ಸೇರಿದ್ದವರು. ತಲೆಯ ಮೇಲಿನ ಬಿಳಿ ಖಾದಿ ಟೋಪಿ ತೆಗೆದವರೇ ಅಲ್ಲ. ಕನ್ನಡದಲ್ಲಿ ಬೀಗ ಎಂದರೆ ಮಗಳ ಮಾವನೂ ಹೌದು, ಬಾಗಿಲಿಗೆ ಜಡಿಯುವುದೂ ಹೌದು. ಈ ಬೀಗರ ಮುಖ ನೋಡಿದರೆ ಎರಡನೆಯದೇ ನೆನಪಾಗುತ್ತಿತ್ತು.

ಮಾತುಕತೆ ಎಲ್ಲ ಮುಗಿದ ಮೇಲೆ ಅವರು ಹೇಳಿದರು: "ಎಲ್ಲಾ ಪಸಂದ ಐತ್ರಿ. ಒಂದ ಮಾತು. ಲಗ್ನಕ್ಕ ನಮ್ಮ ನಾಡಿನ ಉಡುಪಿನ್ಯಾಗ ಬರ್ರಿ. ಶೇರ್ವಾನಿ ನೋಡಿದ್ರ ನಮ್ಮ ಮಂದಿಗೆ ಹಳೇದೆಲ್ಲಾ ನೆನಪಾಗ್ತೈತಿ. ಮತ್ತ ಬೀಗರಿಗೆ ಬೀಗರು ರುಮಾಲು ಸುತ್ತೋದು ನಮ್ಮ ಮನಿ ಪದ್ಧತಿ, ಅದು ತಪ್ಪಂಗಿಲ್ಲ."

"ರುಮಾಲೇನ್ರೀ, ನನ್ನ ಕಿಸೆದಾಗ ಯಾವಾಗ್ಲೂ ಇರ್ತೈತಿ," ಎಂದು ಇವರು ನಕ್ಕರು. ನಮ್ಮ ಕಡೆ ರುಮಾಲು ಎಂದರೆ ತಲೆಗೆ ಸುತ್ತುವ ಪೇಟ, ಇವರ ಕಚೇರಿಯ ಉರ್ದುವಿನಲ್ಲಿ ಮುಖ ಒರೆಸುವ ಬಟ್ಟೆ. ಬೀಗರು ನಗಲಿಲ್ಲ.

ಪದ್ಧತಿ ಏನೆಂದರೆ, ಅಕ್ಷತೆ ಬಿದ್ದ ಮೇಲೆ ಬೀಗರಿಬ್ಬರೂ ಎದುರುಬದುರು ನಿಂತು, ಒಬ್ಬರ ತಲೆಗೆ ಒಬ್ಬರು ತಮ್ಮ ಕೈಯಾರೆ ಹೊಸ ರುಮಾಲು ಸುತ್ತಬೇಕು. ಇವರೋ ಹುಟ್ಟಿದಾಗಿನಿಂದ ರುಮಾಲು ಸುತ್ತಿದವರಲ್ಲ. ರೂಮಿ ಟೋಪಿಗೆ ಸುತ್ತುವುದೇನಿದೆ, ಎತ್ತಿ ತಲೆಯ ಮೇಲಿಟ್ಟರೆ ಮುಗಿಯಿತು. ತುಂಬಿದ ಹಂದರದಲ್ಲಿ ಕೈ ತಪ್ಪಿದರೆ ಮಸ್ಕಿಯ ಮಂದಿ ಬಿಡುತ್ತಾರೆಯೇ? ರುಮಾಲು ಸುತ್ತಲು ಬಾರದ ನಿಜಾಮನ ಆಳಿನ ಮಗಳು ಎಂದು ಪಂಪಿ ಆ ಮನೆಯಲ್ಲಿ ಬದುಕಿರುವ ತನಕ ಅನ್ನಿಸಿಕೊಳ್ಳಬೇಕು. ನಮ್ಮಿಬ್ಬರ ನಿದ್ದೆ ಕೆಡಿಸಿದ್ದು ಅದೇ ಚಿಂತೆ.

ನನಗೆ ಸುತ್ತಲು ಬರುತ್ತಿತ್ತು. ತವರಿನಲ್ಲಿದ್ದಾಗ ನಮ್ಮಪ್ಪನ ರುಮಾಲನ್ನು ನನ್ನ ಮೊಣಕಾಲಿಗೆ ಸುತ್ತಿ, ಹಾಗೇ ಎತ್ತಿ ಅವರ ತಲೆಯ ಮೇಲೆ ಇಡುತ್ತಿದ್ದೆ. ಆದರೆ ಅದು ಮನೆಯೊಳಗಿನ ಮಾತು. ಹಂದರದಲ್ಲಿ ಗಂಡಸರ ನಡುವೆ ಹೆಣ್ಣಿಗೇನು ಕೆಲಸ? ಹಾಗಾಗಿ ಇವರಿಗೇ ಕಲಿಸಲು ಕೂತೆ. ಮೊದಲು ನೀರಿನ ಕೊಡದ ಮೇಲೆ ಸುತ್ತಿಸಿದೆ. ಪಕ್ಕದ ಮನೆಯ ಜೈನಾಬೀ ಗೋಡೆಯ ಮೇಲಿಂದ ಇಣುಕಿ, "ಸಾಬ್, ಕೊಡಕ್ಕ ಲಗ್ನಾ ಮಾಡಾಕತ್ತೀರೇನ್ರಿ?" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ತಲೆಯನ್ನೇ ಕೊಟ್ಟೆ. ಒಮ್ಮೆ ಕಣ್ಣು ಮುಚ್ಚಿತು, ಒಮ್ಮೆ ಉಸಿರು ಕಟ್ಟಿತು.

"ನಿಮ್ಮ ಕೈ ಸಹಿ ಮಾಡಾಕಷ್ಟ ಹುಟ್ಯಾವ ನೋಡ್ರಿ," ಎಂದೆ.

"ನೀ ತಲಿ ಅಲ್ಲಾಡಿಸ್ತೀ," ಎಂದರು. ತಪ್ಪು ನನ್ನ ತಲೆಯದಂತೆ!

ಲಗ್ನದ ದಿನ ಮಸ್ಕಿಯಲ್ಲಿ ಬಿಸಿಲೋ ಬಿಸಿಲು. ಇವರು ಧೋತರದ ಕಚ್ಚೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಅಕ್ಷತೆ ಬಿದ್ದವು. ಶಿವಶರಣಪ್ಪನವರು ಟೋಪಿ ತೆಗೆದು ತಲೆ ಬಗ್ಗಿಸಿ ನಿಂತರು. ಇವರು ಹೊಸ ರುಮಾಲು ಬಿಚ್ಚಿ ಸುತ್ತತೊಡಗಿದರು. ಮೊದಲ ಸುತ್ತುಗಳು ಹೇಗೋ ನಿಂತವು. ಅಷ್ಟರಲ್ಲಿ ಬೆವರಿದ ಕೈ ಜಾರಿತು. ಬಟ್ಟೆಯೆಲ್ಲ ಸಡಿಲಾಗಿ ಬೀಗರ ಕಣ್ಣ ಮೇಲೆ ಇಳಿಯಿತು, ಒಂದು ಸೆರಗು ಅಕ್ಷತೆಯ ತಾಟಿನಲ್ಲಿ ಬಿತ್ತು.

"ನಿಜಾಮನ ಕೈಚಳಕ ನೋಡ್ರಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಂದರಕ್ಕೆ ಹಂದರವೇ ನಕ್ಕಿತು. ಇವರ ಕಿವಿ ಕೆಂಪಾದವು. ಬಾಸಿಂಗದ ಕೆಳಗೆ ಪಂಪಿಯ ಮುಖ ಬಾಡಿಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಜೀವನಪೂರ್ತಿ ಒಬ್ಬರ ಒಂದು ಪೈಸೆ ಮುಟ್ಟದ ಗಂಡ, ಒಂದು ಬಟ್ಟೆಯ ಸಲುವಾಗಿ ತಲೆ ತಗ್ಗಿಸಿ ನಿಲ್ಲುವುದೇ? ಸೆರಗು ಎಳೆದುಕೊಂಡು ಹೆಂಗಸರ ನಡುವಿನಿಂದ ಎದ್ದು ಬಂದೆ. ಗಂಡಸರ ಮುಂದೆ ಕಂಬಳಿಯ ಮೇಲೆ ಕೂತು ಮೊಣಕಾಲು ಎತ್ತಿ, "ಕೊಡ್ರಿ ಇಲ್ಲಿ," ಎಂದೆ.

ನಗು ನಿಂತುಹೋಯಿತು. ನಾನು ತಲೆ ಎತ್ತದೆ ಸುತ್ತಿದೆ. ಕೈಗಳು ಏನನ್ನೂ ಮರೆತಿರಲಿಲ್ಲ. ಜರಿಯಂಚು ಮೇಲೆ ಬರುವಂತೆ ತುದಿ ಸಿಕ್ಕಿಸಿ ಇವರ ಕೈಗೆ ಕೊಟ್ಟು, "ಇಡ್ರಿ, ಬೀಗರ ತಲಿ ಮ್ಯಾಲೆ," ಎಂದೆ. ಇಟ್ಟರು. ಚೆನ್ನಾಗಿ ಕೂತಿತು.

ಶಿವಶರಣಪ್ಪನವರು ಎರಡೂ ಕೈ ಎತ್ತಿ ರುಮಾಲನ್ನು ಮುಟ್ಟಿ ನೋಡಿಕೊಂಡರು. ಮುಟ್ಟಿದ ಕೈ ಬೇಗ ಇಳಿಸಲಿಲ್ಲ. ಸಿಟ್ಟಾದರೇನೋ ಎಂದುಕೊಂಡೆ. ಈಗ ಅವರು ಇವರಿಗೆ ಸುತ್ತಬೇಕು. ತಾಟಿನಿಂದ ಇನ್ನೊಂದು ರುಮಾಲು ತೆಗೆದುಕೊಂಡರು. ಮಡಿಕೆ ಬಿಚ್ಚಲಿಲ್ಲ. ಬಗ್ಗಿ ಅದನ್ನು ನನ್ನ ಮುಂದೆ ಹಿಡಿದರು.

"ಇದನ್ನೂ ನೀವ ಸುತ್ತಿಕೊಡ್ರಿ, ಅಕ್ಕಾರ."

"ಅದು ಬೀಗರ ಕೈಯಿಂದ ಆಗಬೇಕಲ್ರೀ?"

"ನನಗೂ ಬರಂಗಿಲ್ರಿ," ಎಂದರು. ಸಣ್ಣ ದನಿಯಾದರೂ ಸುತ್ತ ಇದ್ದವರಿಗೆಲ್ಲ ಕೇಳಿಸಿತು. "ನಮ್ಮ ಮನ್ಯಾಕಿ ದಿನಾ ಹಿಂಗ ಮೊಣಕಾಲಿಗೆ ಸುತ್ತಿ ಇಡ್ತಿದ್ಲು. ಆಕಿ ಹೋದ ಮ್ಯಾಲೆ ನಮ್ಮ ತಮ್ಮ ಸುತ್ತತೀನಿ ಅಂದ, ನಾ ಒಲ್ಲೆ ಅಂದೆ. ಟೋಪಿ ಹಾಕ್ಕೊಂಡೆ. ಮಂದಿ ನೋಡಿ ದೇಶಭಕ್ತ ಅಂದ್ರು, ನಾ ಸುಮ್ಮನಾದೆ. ಪದ್ಧತಿ ಅಂತ ನಿಮಗ ಹೇಳೇನೋ ಹೇಳಿದೆ. ಮನ್ಯಾಗ ಕೊಡದ ಮ್ಯಾಲೆ ಸುತ್ತಿ ನೋಡೀನ್ರಿ, ನಿಲ್ಲಂಗಿಲ್ಲ."

ಕೊಡ ಎಂದದ್ದೇ ತಡ, ಇವರಿಗೆ ನಗು ತಡೆಯಲಾಗಲಿಲ್ಲ. "ನೀವೂ ಕೊಡಕ್ಕ ಸುತ್ತೀರಾ?" ಎಂದು ನಕ್ಕೇ ನಕ್ಕರು. ಬೀಗರೂ ಕಣ್ಣೊರೆಸಿಕೊಂಡು ನಕ್ಕರು. ಪಂಪಿ ಬಾಸಿಂಗ ಎತ್ತಿ ನೋಡಿದಳು. ನಾನು ಎರಡನೆಯ ರುಮಾಲನ್ನು ಸುತ್ತಿಕೊಟ್ಟೆ. ಬೀಗರು ಅದನ್ನು ಇವರ ತಲೆಯ ಮೇಲಿಟ್ಟು, "ಇನ್ನ ಮ್ಯಾಲೆ ಈ ಮನಿಗಿ ನಿಮಗ ಒಪ್ಪೋದು ಹಾಕ್ಕೊಂಡು ಬರ್ರಿ, ಪೇಶ್ಕಾರ್ರ. ಶೇರ್ವಾನಿನಾದ್ರೂ ಸರಿ," ಎಂದು ತಬ್ಬಿಕೊಂಡರು.

ಮಗಳನ್ನು ಬಿಟ್ಟು ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆವು. ಇವರು ತಲೆಯ ಮೇಲಿನ ರುಮಾಲು ತೆಗೆಯಲು ಒಪ್ಪಿರಲಿಲ್ಲ. ಬಸ್ಸು ಕುಲುಕಿದಾಗೊಮ್ಮೆ ಕೈಯಿಂದ ಹಿಡಿದುಕೊಳ್ಳುತ್ತಿದ್ದರು.

"ಇನ್ನ ಅವಸರ ಇಲ್ಲ. ನಿಧಾನಕ್ಕ ಕಲಿಸ್ತೀನಿ, ಕಲೀರಿ," ಎಂದೆ.

"ಬ್ಯಾಡ. ನಾ ಕಲಿಯಂಗಿಲ್ಲ."

"ಯಾಕ್ರೀ?"

ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ನೀ ಇಲ್ದನೂ ನನಗ ನಡೀತೈತಿ ಅಂತ ದೇವರಿಗೆ ಅನಿಸಬಾರದು," ಎಂದರು.

ಬಸ್ಸಿನ ತುಂಬ ಮಂದಿ ಇದ್ದಾರೆ ಎಂಬುದನ್ನೂ ಮರೆತು ನಾನು ಇವರನ್ನು ಬಾಯಿಗೆ ಬಂದಂತೆ ಬೈದೆ. ಇಂಥ ಮಾತು ಆಡಬಾರದು ಎಂದು ಬೈದೆ. ಬೈಯುತ್ತ ಬೈಯುತ್ತ ಅತ್ತುಬಿಟ್ಟೆ.